ಮುಚನೇಟಾ ಯಾರಿಗಿಟ್ಟ ಹೆಸರು?

"ರಾತ್ರಿ ನಿನ್ನ ಬಾಗಿಲಿಗೆ ಯಾರೇ ಬರಲಿ ಮಗಳೇ, ಮೊದಲು ಎಚ್ಚರ ಆಗೋದು ನಂಗೆ. ಇದು ನಾನು ಕೊಡೋ ಮಾತು."

ಹತ್ತೊಂಬತ್ತು ವರ್ಷದ ಹಿಂದೆ, ಷುವಾಯಿಯ ಗಂಡ ಗಡಿಯಾಚೆ ದಕ್ಷಿಣ ಆಫ್ರಿಕಾಕ್ಕೆ ದುಡಿಯಲು ಹೊರಟ ಸಂಜೆ, ಪಕ್ಕದ ಮನೆಯ ಸೆಕುರು ಚಿರಾಂಡು ಬೇಲಿಯಾಚೆ ನಿಂತು ಆಡಿದ ಮಾತಿದು. ಆಗ ಷುವಾಯಿಗೆ ಇಪ್ಪತ್ತೆರಡು ವರ್ಷ. ಬೆನ್ನಿಗೆ ಕಟ್ಟಿಕೊಂಡ ಕೂಸು ಷಮಿಸೊಗೆ ಮೂರು ತಿಂಗಳು. ಮುಚೆಕೆ ಬಡಾವಣೆಯ ಆ ಓಣಿಗೆ ಇನ್ನೂ ದೀಪದ ಕಂಬ ಬಂದಿರಲಿಲ್ಲ. ಸೆಕುರು ಎಂದರೆ ಅಜ್ಜ. ಆಗಿನ್ನೂ ಅವರು ಅಜ್ಜನಾಗುವ ವಯಸ್ಸಿನವರಲ್ಲ. ಜೋಳದ ಗಿರಣಿಯಲ್ಲಿ ಕೆಲಸ, ಹಿಟ್ಟು ಕೂತು ತಲೆ ಬೆಳ್ಳಗೆ ಕಾಣುತ್ತಿದ್ದರಿಂದ ಓಣಿಯವರೇ ಆ ಪದವಿ ಕೊಟ್ಟಿದ್ದರು.

ಈಗ ತಲೆ ನಿಜವಾಗಿಯೂ ಬೆಳ್ಳಗಾಗಿದೆ. ಷಮಿಸೊ ಮುಟಾರೆಯ ಕಾಲೇಜಿನಲ್ಲಿದ್ದಾಳೆ. ಷುವಾಯಿಯನ್ನು ಓಣಿಯೆಲ್ಲ "ಮಾಯಿ ಷಮಿಸೊ", ಅಂದರೆ ಷಮಿಸೊಳ ಅಮ್ಮ, ಎಂದೇ ಕರೆಯುತ್ತದೆ. ಆಕೆ ಮುಂಜಾನೆ ಮೂರೂವರೆಗೆ ಎದ್ದು ಒಲೆ ಹಚ್ಚಿ, ಹುದುಗಿದ ಹಿಟ್ಟನ್ನು ಉಂಡೆ ಮಾಡಿ ಎಣ್ಣೆಯಲ್ಲಿ ಕರಿದು, ಶಾಲೆಯ ಗೇಟಿನ ಮುಂದೆ ಮಾರುತ್ತಾಳೆ. ಮಕ್ಕಳು ಬಿಸಿ ಬಿಸಿ ತಿಂದು ಒಳಗೆ ಓಡುತ್ತವೆ.

ಮೂರೂವರೆಗೆ ಏಳುವವರು ಒಂಬತ್ತಕ್ಕಾದರೂ ಮಲಗಬೇಕು. ಮಲಗುತ್ತಿದ್ದಳು. ಆದರೆ ನಿದ್ದೆ ಎಲ್ಲಿಯದು? ಸೆಕುರುವಿನ ನಾಯಿ ರಾತ್ರಿಯಿಡೀ ಬೊಗಳುತ್ತಿತ್ತು.

ಬೊಗಳುವುದಾದರೂ ಹೋಗಲಿ, ಆ ನಾಯಿಯ ಹೆಸರು ಷುವಾಯಿಯನ್ನು ಇನ್ನೂ ಉರಿಸುತ್ತಿತ್ತು. ಈ ಕಡೆ ನಾಯಿಗೆ ಸುಮ್ಮನೆ ಹೆಸರಿಡುವುದಿಲ್ಲ. ನೆರೆಯವರ ಮುಖಕ್ಕೆ ಹೇಳಲಾಗದ್ದನ್ನು ನಾಯಿಗೆ ಹೆಸರಾಗಿಟ್ಟು, ಸಂಜೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕರೆಯುತ್ತಾರೆ. ಬಾಲ ಅಲ್ಲಾಡಿಸುತ್ತ ಬರುವುದು ನಾಯಿ. ಮಾತು ನಾಟುವುದು ಬೇಲಿಯಾಚೆ. ಸೆಕುರು ಇಟ್ಟ ಹೆಸರು ಮುಚನೇಟಾ. "ನೀವೇ ಸುಸ್ತಾಗ್ತೀರಿ" ಎಂದು ಅರ್ಥ.

ಷುವಾಯಿಗೆ ಅನುಮಾನವೇ ಇರಲಿಲ್ಲ. ಫೆಬ್ರುವರಿಯ ಮಳೆಯಲ್ಲಿ ಸೆಕುರುವಿನ ಮಾಡಿನ ನೀರು ತನ್ನ ಅಂಗಳಕ್ಕೆ ನುಗ್ಗಿದಾಗ ಆಕೆ ಬೇಲಿಯ ಹತ್ತಿರ ನಿಂತು ದೂರಿದ್ದಳು. ಸೆಕುರು ನಕ್ಕು ತಲೆಯಾಡಿಸಿ ಒಳಗೆ ಹೋಗಿದ್ದರು. ಮುಂದಿನ ವಾರವೇ ಮರಿ ತಂದರು. ಬಡಾವಣೆಗೆಲ್ಲ ಕೇಳುವ ಹಾಗೆ ಕೂಗಿದರು: "ಮುಚನೇಟಾ! ಏ ಮುಚನೇಟಾ!"

"ಹೌದಾ? ನಾನು ಸುಸ್ತಾಗೋದಾ?" ಎಂದುಕೊಂಡ ಷುವಾಯಿ ಜೂನ್ ತಿಂಗಳಲ್ಲಿ ತಾನೂ ಒಂದು ನಾಯಿ ತಂದು ಬೇಲಿಯ ಪಕ್ಕದಲ್ಲೇ ಕಟ್ಟಿದಳು. ಅದಕ್ಕೆ ಟಿಚಾವೊನಾ ಎಂದು ಹೆಸರಿಟ್ಟಳು. ಅಂದರೆ "ನೋಡೇ ಬಿಡೋಣ."

ಆಮೇಲೆ ಎರಡು ನಾಯಿ ಬೊಗಳತೊಡಗಿದವು.

ಸೆಪ್ಟೆಂಬರ್ ಕೊನೆಯ ಒಂದು ಮುಂಜಾನೆ ಎಣ್ಣೆ ಬಾಂಡಲಿಯ ಮುಂದೆ ಷುವಾಯಿ ತೂಕಡಿಸಿದಳು. ಕ್ಷಣಮಾತ್ರ. ಕೈ ಜಾರಿತು. ಬಲ ಮುಂಗೈ ಬೆಂದು ಬೊಬ್ಬೆಯೆದ್ದಿತು.

ಅದನ್ನು ನೋಡಲು ಬಂದವಳು ಗಂಡನ ಅಕ್ಕ, ತೇತೆ ಲೋಯಿಸ್. ಗಂಡನ ಅಕ್ಕನ ಮಾತು ಅಂದರೆ ಮನೆಗೆ ಅರ್ಧ ತೀರ್ಪು ಬಂದ ಹಾಗೆ.

"ಆ ಮುದುಕನ ನಾಯಿಯಿಂದ ತಾನೆ ಇದು?" ಎಂದಳು ತೇತೆ.

"ನಾಯಿಯಿಂದ ಅಲ್ಲ ತೇತೆ, ನಿದ್ದೆಯಿಲ್ಲದೆ."

"ನಿದ್ದೆ ಕದ್ದದ್ದು ಯಾರು? ನಿನ್ನ ಅತ್ತೆಯಾ? ನಾಯಿ ತಾನೆ!" ತೇತೆ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. "ಇಲಿಗೆ ಇಡೋ ಔಷಧಿ. ಒಂದು ತುಂಡು ಮಾಂಸದೊಳಗೆ ಒಂದು ಚಿಟಿಕೆ. ಬೇಲಿಯಿಂದಾಚೆ ಎಸೆ. ಮಾತಿಲ್ಲ, ಕತೆಯಿಲ್ಲ."

"ಪಾಪ, ಮೂಕಪ್ರಾಣಿ."

"ಮೂಕಪ್ರಾಣಿನಾ? ಅದು ಮೂಕ ಆಗಿದ್ರೆ ನಾನ್ಯಾಕೆ ಇದನ್ನ ತರ್ತಿದ್ದೆ?"

ಷುವಾಯಿ ಬೇಡವೆನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ತೇತೆ ಹೋದ ಮೇಲೆ ಪೊಟ್ಟಣವನ್ನು ಹಿಟ್ಟಿನ ಡಬ್ಬದ ಹಿಂದೆ ತಳ್ಳಿದಳು. ಇನ್ನು ಎರಡು ರಾತ್ರಿ ನೋಡುತ್ತೇನೆ, ಆಮೇಲೆ ದೇವರು ಕ್ಷಮಿಸಲಿ, ಎಂದುಕೊಂಡಳು.

ಮಾರನೆಯ ದಿನ ಹುಚ್ಚುನಾಯಿ ರೋಗದ ಲಸಿಕೆಯ ಗಾಡಿ ಬಡಾವಣೆಗೆ ಬಂತು. ಪಶುವೈದ್ಯ ಇಲಾಖೆಯ ಫುಂಗಿಸಾಯಿ ಮನೆಮನೆಗೂ ಬರುವ ಹೆಂಗಸು. ಟಿಚಾವೊನಾಗೆ ಸೂಜಿ ಚುಚ್ಚಿ, ಕೈ ತೊಳೆಯಲು ಅಡುಗೆಮನೆಗೆ ಬಂದಳು. ಕಣ್ಣು ಹಿಟ್ಟಿನ ಡಬ್ಬದ ಹಿಂದೆ ಹೋಯಿತು.

"ಮಾಯಿ ಷಮಿಸೊ, ಇದೇನು?"

"ಇಲಿಗೆ..." ಎಂದಳು ಷುವಾಯಿ.

"ಇಲಿಗೋ, ಪಕ್ಕದ ಮನೆ ನಾಯಿಗೋ?" ಫುಂಗಿಸಾಯಿ ನಗಲಿಲ್ಲ. "ನನಗೆ ಈ ಪೊಟ್ಟಣ ಗೊತ್ತು. ಹೋದ ವರ್ಷ ಇನ್ನೊಂದು ಬಡಾವಣೇಲಿ ಹೀಗೇ ಎಸೆದ ಮಾಂಸ ನಾಯಿಗೆ ಸಿಗ್ಲಿಲ್ಲ. ಕೋಳಿ ತಿಂದವು. ಸತ್ತ ಕೋಳೀನ ಮಗುವೊಂದು ಎತ್ತಿಕೊಂಡು ಮನೆಗೆ ತಂತು. ಅಮ್ಮ ನೋಡಿದ್ದಕ್ಕೆ ಬದುಕ್ತು. ಅದಿರಲಿ. ನೀವು ಶಾಲೆ ಮಕ್ಕಳಿಗೆ ಕರಿಯೋ ಹಿಟ್ಟು ಇದೇ ಡಬ್ಬದ್ದಾ?"

ಷುವಾಯಿ ಡಬ್ಬದ ಕಡೆ ನೋಡಿದಳು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಕುಕ್ಕರಿಸಿ ಕೂತಳು. ಫುಂಗಿಸಾಯಿ ಪೊಟ್ಟಣವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನ ಪೆಟ್ಟಿಗೆಗೆ ಹಾಕಿದಳು. "ಇದನ್ನ ತಿಪ್ಪೆಗೂ ಎಸೆಯೋ ಹಾಗಿಲ್ಲ, ಹೊಳೆಗೂ ಬಿಡೋ ಹಾಗಿಲ್ಲ. ನಾನು ಒಯ್ತೀನಿ. ಆ ಹಿಟ್ಟನ್ನೂ ಗುಂಡಿ ತೆಗೆದು ಹೂತುಬಿಡಿ."

"ಹಾಗಾದ್ರೆ ನಾನೇನು ಮಾಡ್ಲಿ ಫುಂಗಿಸಾಯಿ? ಈ ಕೈ ನೋಡು. ನಾಳೆ ಮುಖ ಸುಟ್ಟುಕೊಂಡ್ರೆ?"

"ಸೆಕುರುಗೆ ಹೇಳಿದ್ದೀರಾ?"

"ದಿನಾ ಹೇಳ್ತೀನಿ. ಸಂಜೆ ನಿಂತು 'ಟಿಚಾವೊನಾ' ಅಂತ ಕೂಗ್ತೀನಲ್ಲ."

"ಅದು ನಾಯಿ ಬಾಯಲ್ಲಿ ಹೇಳಿದ್ದು. ನಿಮ್ಮ ಬಾಯಲ್ಲಿ?"

ಷುವಾಯಿ ಹಿಟ್ಟಿನ ಡಬ್ಬ ಎತ್ತಿ ಹೊರಬಾಗಿಲ ಹತ್ತಿರ ಇಟ್ಟಳು.

"ನಾಯಿಗೇನೂ ನಿಮ್ಮ ಮೇಲೆ ಹಗೆ ಇಲ್ಲ," ಎಂದಳು ಫುಂಗಿಸಾಯಿ. "ಗಿಡ್ಡ ಸರಪಳೀಲಿ ಕಟ್ಟಿದ್ರೆ ಬೊಗಳುತ್ತೆ. ದಾರಿಯಲ್ಲಿ ಹೋಗೋರೆಲ್ಲ ಕಣ್ಣಿಗೆ ಬಿದ್ರೆ ಬೊಗಳುತ್ತೆ. ಹಸಿವು, ಚಳಿ, ಬೇಜಾರು, ಎಲ್ಲಕ್ಕೂ ಅದಕ್ಕೆ ಇರೋದು ಅದೊಂದೇ ಮಾತು. ನಾವು ಕಿಟಕಿಯಿಂದ ಬೈದ್ರೆ, ಇವಳೂ ನನ್ ಜೊತೆ ಬೊಗಳ್ತಾ ಇದ್ದಾಳೆ ಅಂದ್ಕೊಂಡು ಇನ್ನೂ ಜೋರು ಮಾಡುತ್ತೆ. ಮೂರು ರಾತ್ರಿ ಒಂದು ಕೆಲಸ ಮಾಡಿ. ಅದು ಯಾವಾಗ ಶುರು ಮಾಡುತ್ತೆ, ಆಗ ಹೊರಗೆ ಏನಾಗ್ತಿತ್ತು, ಬರೆದಿಡಿ. ಆಮೇಲೆ ಹಗಲು ಹೊತ್ತಲ್ಲಿ, ಸಿಟ್ಟು ಇಳಿದಾಗ, ಸೆಕುರು ಮನೆಗೆ ಹೋಗಿ."

ಷುವಾಯಿ ಕ್ಯಾಲೆಂಡರಿನ ಬೆನ್ನಿಗೆ ಬರೆದಳು. ಮೂರು ರಾತ್ರಿ ಕಳೆದ ಮೇಲೆ ಫುಂಗಿಸಾಯಿ ಬಂದು ಓದಿದಳು. ಹತ್ತೂವರೆಗೆ ಬಿಯರ್ ಅಂಗಡಿ ಮುಚ್ಚಿ ಗಂಡಸರು ಓಣಿಯಲ್ಲಿ ಹಾಯುವಾಗ. ಹನ್ನೆರಡರ ಮೇಲೆ ಟಿಚಾವೊನಾ ಮೊದಲು ಬೊಗಳಿ, ಮುಚನೇಟಾ ಉತ್ತರ ಕೊಟ್ಟಾಗ. ಮೂರೂವರೆಗೆ ಷುವಾಯಿ ಬಾಗಿಲು ತೆಗೆದು ಸೌದೆ ಎತ್ತುವಾಗ.

"ಮೂರರಲ್ಲಿ ಎರಡು ನಿಮ್ಮ ಮನೆಯಿಂದಲೇ ಶುರುವಾಗ್ತಿದೆಯಲ್ರೀ!"

"ಅದನ್ನ ತೇತೆಗೆ ಹೇಳ್ಬೇಡ, ದಮ್ಮಯ್ಯ," ಎಂದಳು ಷುವಾಯಿ.

ಅಂದು ಮಧ್ಯಾಹ್ನ ಹೊಸ ಹಿಟ್ಟಿನಲ್ಲಿ ಕರಿದ ಆರು ಉಂಡೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೆಕುರುವಿನ ಅಂಗಳಕ್ಕೆ ಕಾಲಿಟ್ಟಳು. ಎಂಟು ತಿಂಗಳ ಮೇಲೆ ಇದೇ ಮೊದಲು. ಬಾಗಿಲಲ್ಲಿ ಬಾಗಿ, ಅಂಗೈ ಬೋಗುಣಿ ಮಾಡಿ ಮರ್ಯಾದೆಯ ಚಪ್ಪಾಳೆ ತಟ್ಟಿದಳು. ಒಳಗೆ ಬೆನ್ನು ಹಾಕಿ ಕೂತಿದ್ದ ಸೆಕುರು ಅಲುಗಲಿಲ್ಲ. ಮತ್ತೆ ತಟ್ಟಿದಳು. ಇಲ್ಲ. ಇಷ್ಟೊಂದು ಹಮ್ಮೇ ಎಂದು ತಿರುಗಬೇಕೆನ್ನುವಷ್ಟರಲ್ಲಿ ಅವಳ ನೆರಳು ನೆಲದ ಮೇಲೆ ಬಿದ್ದು ಸೆಕುರು ತಿರುಗಿ ನೋಡಿದರು. ಮುಖ ಅರಳಿತು.

"ಅರೆ! ಮಗಳೇ! ಬಾ ಬಾ. ದಾರಿ ಮರೆತಿದ್ದೆಯಾ?"

"ಸೆಕುರು, ನಿಮ್ಮ ನಾಯಿ ರಾತ್ರಿ ಬಹಳ ಬೊಗಳುತ್ತೆ."

"ಹೂಂ, ಬಹಳ ಬೆಳೆದಿದೆ. ಒಳ್ಳೆ ಜಾತಿ."

"ಬೊಗಳುತ್ತೆ ಅಂದೆ!"

"ಬೆಳೆಯುತ್ತೆ, ಇನ್ನೂ ಬೆಳೆಯುತ್ತೆ," ಎನ್ನುತ್ತ ಸೆಕುರು ಚಹಾಕ್ಕೆ ನೀರಿಡಲು ಒಲೆಯ ಕಡೆ ತಿರುಗಿದರು.

ಷುವಾಯಿ ಅವರ ಬೆನ್ನಿಗೆ ಮೆಲ್ಲಗೆ ಕೇಳಿದಳು, "ಸೆಕುರು, ನಿಮಗೆ ಕಿವಿ ಕೇಳಿಸ್ತಾ ಇಲ್ವಾ?" ಉತ್ತರ ಬರಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೇಳಿದಳು. ಸೆಕುರು ಸಕ್ಕರೆ ಡಬ್ಬ ಹುಡುಕುತ್ತಲೇ ಇದ್ದರು. ಅವಳು ಹೋಗಿ ಅವರ ಭುಜ ಮುಟ್ಟಿ, ಎದುರಿಗೆ ನಿಂತು, ತುಟಿ ಬಿಡಿಸಿ ಬಿಡಿಸಿ ಅದೇ ಪ್ರಶ್ನೆ ಕೇಳಿದಳು.

ಸೆಕುರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಗಿರಣಿ ತಿಂದುಹಾಕ್ತು ಮಗಳೇ. ಮೂವತ್ತು ವರ್ಷ ಆ ಯಂತ್ರದ ಪಕ್ಕ ನಿಂತೆ. ಎಡಗಿವಿ ಪೂರ್ತಿ ಹೋಯ್ತು. ಬಲಗಿವಿಗೆ ಜೋರಾಗಿ ಕೂಗಿದ್ರೆ ಏನೋ ಸ್ವಲ್ಪ. ಯಾರಿಗೂ ಹೇಳಿಲ್ಲ. ನಿನಗೆ ಮಾತು ಕೊಟ್ಟವನು ನಾನು. ಕಿವುಡ ಕಾವಲುಗಾರ ಅಂತ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ನಾಯಿ ತಂದೆ."

"ನಾಯಿ ಬೊಗಳಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಸೆಕುರು ಅವಳನ್ನು ಮಲಗುವ ಕೋಣೆಗೆ ಕರೆದೊಯ್ದು ತೋರಿಸಿದರು. ಓಣಿಯ ಕಡೆಯ ಕಿಟಕಿಯ ಕೆಳಗೆ ಮುಚನೇಟಾ ಗಿಡ್ಡ ಸರಪಳಿಯಲ್ಲಿತ್ತು. ಸರಪಳಿಯಿಂದ ಒಂದು ನೈಲಾನ್ ಹಗ್ಗ ಕಿಟಕಿಯೊಳಗೆ ಬಂದು ಮಂಚದ ಕಾಲಿಗೆ ಬಿಗಿದಿತ್ತು.

"ಅದು ಎಗರಿದ್ರೆ ಮಂಚ ಅಲ್ಲಾಡುತ್ತೆ," ಎಂದರು ಸೆಕುರು ಹೆಮ್ಮೆಯಿಂದ. "ತಕ್ಷಣ ಎದ್ದು ಟಾರ್ಚ್ ಹಿಡಿದು ನಿನ್ನ ಬಾಗಿಲು ನೋಡ್ತೀನಿ. ರಾತ್ರಿಗೆ ಎಂಟು ಸಲ, ಹತ್ತು ಸಲ."

"ಹಾಗಾದ್ರೆ ನೀವು ನಿದ್ದೆ ಮಾಡೋದು?"

"ನಿದ್ದೆ ಏನು, ಸತ್ತ ಮೇಲೆ ಇದ್ದೇ ಇದೆ."

ಷುವಾಯಿ ಅವರ ಕಣ್ಣು ನೋಡಿದಳು. ತನ್ನ ಕಣ್ಣಿನಷ್ಟೇ ಕೆಂಪು. ಆದರೂ ಒಂದು ಮುಳ್ಳು ಉಳಿದಿತ್ತು. "ಮತ್ತೆ ಆ ಹೆಸರು? ಮುಚನೇಟಾ? ಅದು ಯಾರಿಗೆ?"

"ಕಳ್ಳರಿಗೆ! ಇನ್ಯಾರಿಗೆ? ಎಷ್ಟು ಸಲ ಬರ್ತೀರೋ ಬನ್ನಿ, ನೀವೇ ಸುಸ್ತಾಗ್ತೀರಿ ಅಂತ."

"ನನಗಲ್ವಾ? ಮಾಡಿನ ನೀರಿನ ಜಗಳಕ್ಕೆ?"

"ಯಾವ ಜಗಳ?" ಎಂದರು ಸೆಕುರು. "ಆವತ್ತು ನೀನು ಬೇಲಿ ಹತ್ತಿರ ಬಂದು ಏನೋ ಹೇಳಿದೆ. ಮಳೆ ಚೆನ್ನಾಗಾಯ್ತು ಅಂದೆ ಅಂದ್ಕೊಂಡೆ." ಆಮೇಲೆ ಉಂಡೆಯೊಂದನ್ನು ಬಾಯಿಗಿಡುತ್ತ ಕೇಳಿದರು, "ಅಂದಹಾಗೆ ನಿನ್ನ ನಾಯಿಗೆ ಏನು ಹೆಸರು? ಕೇಳ್ಬೇಕು ಅಂತಲೇ ಇದ್ದೆ."

ಷುವಾಯಿ ನೆಲ ನೋಡಿ, ಮತ್ತೆ ಮುಖವೆತ್ತಿ ಜೋರಾಗಿ ಹೇಳಿದಳು. "ಟಿಚಾವೊನಾ."

"ನೋಡೇ ಬಿಡೋಣ ಅಂತಾನಾ? ಅಯ್ಯಯ್ಯೋ, ಯಾರ ಮೇಲೆ ಅಷ್ಟು ಸಿಟ್ಟು?"

"ಕಳ್ಳರ ಮೇಲೆ, ಸೆಕುರು."

ಮರುದಿನದಿಂದ ಕೆಲಸ ಶುರುವಾಯಿತು. ಫುಂಗಿಸಾಯಿ ಹೇಳಿದಂತೆ ಸರಪಳಿ ಬಿಚ್ಚಿ, ಮುಚನೇಟಾಗೆ ಅಂಗಳದೊಳಗೆ ಓಡಾಡಲು ಬಿಟ್ಟರು. ಓಣಿಯ ಕಡೆಯ ಬೇಲಿಗೆ ಹಳೆಯ ತಗಡು ಮರೆ ಮಾಡಿದರು. ಮಲಗಲು ಹಿತ್ತಲಲ್ಲಿ ಗೋಣಿ ಹಾಸಿದ ಗೂಡು. ಮೊದಲು ಬೆಳಿಗ್ಗೆ ಒಂದೇ ಹೊತ್ತು ಕೊಡುತ್ತಿದ್ದ ಊಟದ ಅರ್ಧ ಸಂಜೆಗೆ ಬಂತು: ಜೋಳದ ಮುದ್ದೆ, ಒಣಮೀನಿನ ಸಾರು. ಊಟಕ್ಕೆ ಮೊದಲು ಸೆಕುರು, ಷುವಾಯಿ ಇಬ್ಬರೂ ನಾಯಿಗಳನ್ನು ಹಿಡಿದು ಮೈದಾನದ ತನಕ ನಡೆದರು. ಮೂಗಿಗೆ ಮೂಗು ತಾಗಿಸಿ ಪರಿಚಯವಾದ ಮೇಲೆ ನಾಯಿಗಳಿಗೆ ಬೇಲಿಯಾಚೆ ಇರುವುದು ಶತ್ರುವಲ್ಲ ಎಂದು ಗೊತ್ತಾಯಿತು. ಷುವಾಯಿ ಟಿಚಾವೊನಾವನ್ನು ಬೇಲಿಯ ಬಳಿಯಿಂದ ಮನೆಯ ಇನ್ನೊಂದು ಮಗ್ಗುಲಿಗೆ ಸಾಗಿಸಿದಳು. ಸೌದೆಯನ್ನು ರಾತ್ರಿಯೇ ಒಳಗೆ ತಂದಿಟ್ಟಳು.

ಮೊದಲ ಮೂರು ರಾತ್ರಿ ಮುಚನೇಟಾ ಇನ್ನೂ ಜಾಸ್ತಿ ಬೊಗಳಿತು. ಹೊಸ ಜಾಗ. ತೇತೆ ಲೋಯಿಸ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಮ್ಮಾ, ನಾಯಿಗೆ ವಾಯುವಿಹಾರ, ನಿನಗೆ ಜಾಗರಣೆ?"

"ಎರಡು ವಾರ ಕಾಯಿರಿ ತೇತೆ."

ಎರಡನೆಯ ವಾರದ ಕೊನೆಯಲ್ಲಿ ತೇತೆ ತಾನೇ ಒಂದು ರಾತ್ರಿ ಅಲ್ಲಿ ಮಲಗಿದಳು. ಬಿಯರ್ ಅಂಗಡಿ ಮುಚ್ಚಿದಾಗ ಮುಚನೇಟಾ ಎರಡು ಸಲ ಬೊಗಳಿತು. ಅಷ್ಟೇ. ಬೆಳಿಗ್ಗೆ ತೇತೆ ಹೇಳಿದಳು, "ನಿದ್ದೆ ಬಂತು ಅಂತ ಹೇಳಲ್ಲ. ಆದ್ರೆ ಬರ್ಲಿಲ್ಲ ಅಂತಾನೂ ಹೇಳಲ್ಲ. ಆ ಫುಂಗಿಸಾಯಿನ ನಮ್ಮ ಓಣಿಗೂ ಕಳಿಸು. ನಮ್ಮ ಹಿಂದಿನ ಮನೇಲಿ ಮೂರು ನಾಯಿ ಇವೆ."

ಆಸ್ಪತ್ರೆಯಲ್ಲಿ ಸೆಕುರುವಿನ ಬಲಗಿವಿಯ ಗುಗ್ಗೆ ತೆಗೆದರು. ಸ್ವಲ್ಪ ಕೇಳಿಸುತ್ತದೆ, ಎದುರು ನಿಂತು ಮಾತಾಡಿದರೆ. ಸರಪಳಿ ಬಿಚ್ಚಿದ ಮೇಲೂ ಮಂಚದ ಕಾಲಿನಲ್ಲೇ ಉಳಿದಿದ್ದ ಹಗ್ಗವನ್ನು ಷುವಾಯಿಯೇ ಬಿಚ್ಚಿದಳು. ಸೆಕುರು ಬಹಳ ಹೊತ್ತು ಒಪ್ಪಲಿಲ್ಲ. ಅವಳು ಅವರ ಎರಡೂ ಕೈ ಹಿಡಿದು ಹೇಳಿದಳು, "ನೀವು ಕಾದದ್ದು ಸಾಕು. ನಾಯಿ ಬೊಗಳಿದ್ರೆ ಇನ್ನು ನಾನು ಎದ್ದು ನಿಮ್ಮ ಬಾಗಿಲು ನೋಡ್ತೀನಿ. ಹೂಂ ಅನ್ನಿ."

"ಹೂಂ," ಎಂದರು ಸೆಕುರು.

ಓದುತ್ತಿರುವ ನೀವು, ನಿಮ್ಮ ಪಕ್ಕದ ಮನೆಯ ನಾಯಿ ಇವತ್ತು ರಾತ್ರಿಯೂ ಬೊಗಳಬಹುದು. ಕಲ್ಲು ಎತ್ತಬೇಡಿ, ವಿಷ ಮುಟ್ಟಲೇಬೇಡಿ. ಅದು ಯಾರ ಬಾಯಿಗೆ ಹೋಗುತ್ತದೋ ಹೇಳಲಾಗದು. ಎರಡು ಮೂರು ದಿನ ಹೊತ್ತು ಗುರುತು ಹಾಕಿಕೊಳ್ಳಿ. ಹಗಲಿನಲ್ಲಿ ಹೋಗಿ, ಎದುರು ಕೂತು, ನಿಮ್ಮ ಕಷ್ಟ ನೀವೇ ಹೇಳಿ. ನೆರೆಯವರಿಗೆ ಆ ಸದ್ದು ಗೊತ್ತೇ ಇಲ್ಲದಿರಬಹುದು, ಗೊತ್ತಿದ್ದೂ ಏನು ಮಾಡಬೇಕೆಂದು ತಿಳಿಯದಿರಬಹುದು. ನಾಯಿ ಸಾಕಿದವರು ನೀವಾದರೆ, ಸರಪಳಿ ಸಡಿಲಿಸಿ, ಸಂಜೆ ಹೊಟ್ಟೆಗೆ ಹಾಕಿ, ದಿನಕ್ಕೊಮ್ಮೆ ನಡೆಸಿ, ವರ್ಷ ವರ್ಷ ಲಸಿಕೆ ಹಾಕಿಸಿ. ಮಾತಾಡಿದರೂ ದಾರಿಯಾಗದಿದ್ದರೆ ಪಶುವೈದ್ಯರ ಬಳಿ ಹೋಗಿ. ಅಲ್ಲೂ ಆಗದಿದ್ದರೆ ನಗರಸಭೆಗೆ ಬರೆದುಕೊಡಿ. ಆದರೆ ಮೊದಲ ಹೆಜ್ಜೆ ನೆರೆಮನೆಯ ಬಾಗಿಲಿಗೇ ಇರಲಿ.

ಷುವಾಯಿಯ ಕೈಯ ಸುಟ್ಟ ಗಾಯ ಮಾಗಿದೆ. ಸೆಕುರು ಚಿರಾಂಡು ಒಂಬತ್ತಕ್ಕೆ ಮಲಗಿ ಬೆಳಗಾಗುವವರೆಗೆ ನಿದ್ದೆ ಮಾಡುತ್ತಾರೆ. ರಾತ್ರಿ ಅವಳ ಬಾಗಿಲಿಗೆ ಯಾರು ಬಂದರೂ ಈಗ ಅವರಿಗೆ ಎಚ್ಚರವಾಗುವುದಿಲ್ಲ. ಕೊಟ್ಟ ಮಾತು ಮುರಿಯಿತು.