ಮನೆಬಸ್ಸಿಗೊಂದು ಒಳಗನ್ನಡಿ

ಮೈಸೂರಿನ ಅಶೋಕಪುರಂನ ಪುಟ್ಟಸ್ವಾಮಿ ಹಳ್ಳಿ ಹಳ್ಳಿ ಸುತ್ತಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಮಿಲಿಟರಿ ಬಸ್ಸೇ ಅವನ ಅಂಗಡಿ, ಅದೇ ಮನೆ. ಹೆಂಡತಿ ದೇವಿರಮ್ಮ, ಮೂರು ವರ್ಷದ ಮಗಳು ಪ್ರೇಮಲೀಲಾ ಹಿಂದೆ ಹಾಸಿಗೆ, ಪಾತ್ರೆಗಳ ನಡುವೆ ಇರುತ್ತಿದ್ದರು.

"ತಲೆ ಮೇಲೊಂದು ಕನ್ನಡಿ ಹಾಕಿಸ್ಕೊಳಪ್ಪ. ಹಿಂದೆ ಹೆಂಡ್ತಿ ಮಗು ಅವ್ರೆ" ಎಂದು ಮೆಕ್ಯಾನಿಕ್ ಇನ್ನಾಸಿಮುತ್ತು ಹೇಳುತ್ತಲೇ ಇದ್ದ.

"ಹಿಂದಿನ ಗಾಜಿಗೆ ಪೆಟ್ಟಿಗೆ ಅಡ್ಡ ಅದೆ, ರಸ್ತೆ ಎಲ್ಲಿ ಕಾಣ್ತದೆ? ಹೊರಗಿನ ಕನ್ನಡಿ ಸಾಕು ಬುಡು ಮುತ್ತಣ್ಣ" ಎನ್ನುತ್ತಿದ್ದ ಪುಟ್ಟಸ್ವಾಮಿ.

ಒಂದು ಬೆಳಗ್ಗೆ ಇಲವಾಲ ದಾಟುವಾಗ ಬಸ್ಸು ಗುಂಡಿಗಿಳಿದು ಎಗರಿತು. ಕಟ್ಟಿದ್ದ ಯಂತ್ರವೊಂದು ಜಾರಿ ದೇವಿರಮ್ಮನ ಕಾಲ ಮೇಲೆ ಬಿತ್ತು. ಅದೇ ಕುಲುಕಿಗೆ ಹಿಂಬದಿಯ ಬಾಗಿಲ ಅಗಳಿ ಬಿಚ್ಚಿ ಬಾಗಿಲು ತೆರೆದುಕೊಂಡಿತು. ಬಾಗಿಲಾಚೆ ರಸ್ತೆ ಓಡುತ್ತಿತ್ತು. ಪ್ರೇಮಲೀಲಾ ನಗುತ್ತ ಅತ್ತ ನಡೆದಳು.

"ರೀ, ನಿಲ್ಸಿ" ಎಂದು ದೇವಿರಮ್ಮ ಕೂಗಿದಳು. ಇಂಜಿನ್ನಿನ ಸದ್ದು ಅವಳ ದನಿಯನ್ನು ನುಂಗಿತು. ಎದುರಿಗೆ ಗಂಡನ ಬೆನ್ನು. ಅದು ತಿರುಗಲಿಲ್ಲ. ಕಾಲೆಳೆದರೆ ಬರಲಿಲ್ಲ, ಕೈ ಚಾಚಿದರೆ ಮಗುವಿನ ಲಂಗದ ಅಂಚೂ ಸಿಗಲಿಲ್ಲ. ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಗಂಡನ ಕಡೆ ಬೀಸಿ ಎಸೆದಳು. ಅದು ಭುಜಕ್ಕೆ ಬಡಿದದ್ದೇ ಅವನು ಬೆಚ್ಚಿ ಬ್ರೇಕು ಹಾಕಿದ. ಬಾಗಿಲಂಚಿನಲ್ಲಿದ್ದ ಮಗು ಬಸ್ಸಿನ ಮುಂಬದಿಗೆ ಮುಗ್ಗರಿಸಿ ತಾಯಿಯ ಮಡಿಲಿಗೆ ಬಿತ್ತು.

ಪುಟ್ಟಸ್ವಾಮಿ ಹಿಂದೆ ಬಂದು ನೋಡಿದವನೇ ಹೆಂಡತಿಯ ಕಾಲ ಮೇಲಿನ ಯಂತ್ರ ಎತ್ತಿ ಸರಿಸಿದ. "ಎಷ್ಟೊತ್ತಿಂದ ಕೂಗ್ತಿದ್ದೆ?"

"ನಿಮ್ಮ ಬೆನ್ನು ನೋಡ್ಕೊಂಡು ಕೂಗ್ತಾನೇ ಇದ್ದೆ ಕಣ್ರೀ."

ಅಂದೇ ಮುತ್ತಣ್ಣನ ಷೆಡ್ಡಿಗೆ ಬಂದರು. ಅವನು ಬೈಯಲಿಲ್ಲ. ಕನ್ನಡಿ ಬಿಗಿಯುತ್ತ, "ಇದು ರಸ್ತೆ ನೋಡೋಕಲ್ಲ, ನಿನ್ನ ಮನೆ ನೋಡೋಕೆ. ರಸ್ತೆಗೆ ಹೊರಗಿನ ಕನ್ನಡಿ ಇದ್ದೇ ಅದೆ. ಸೀಟಲ್ಲಿ ಕೂತು, ಮಗು, ಬಾಗಿಲು ಎರಡೂ ಕಾಣೋ ಹಂಗೆ ತಿರುಗಿಸ್ಕೊ. ಆಗಾಗ ಒಂದು ನೋಟ ಸಾಕು, ಅದನ್ನೇ ನೋಡ್ತಾ ಕೂರಬ್ಯಾಡ" ಎಂದ. ಬಾಗಿಲಿಗೆ ಹೊಸ ಚಿಲಕ ಬಂತು. ಯಂತ್ರಗಳನ್ನು ನೆಲಕ್ಕೇ ಬಿಗಿದರು.

ಮತ್ತೆ ಹೊರಟಾಗ ದೇವಿರಮ್ಮ ಕೂಗದೆ ಸುಮ್ಮನೆ ಕೈ ಎತ್ತಿದಳು. ಕನ್ನಡಿಯಲ್ಲಿ ಗಂಡನ ಕಣ್ಣು ಕಂಡವು. ಬಸ್ಸು ನಿಂತಿತು.

"ಏನಾಯ್ತು?"

"ಏನಿಲ್ಲ. ಕಾಣ್ತೀನಾ ಅಂತ ನೋಡ್ದೆ."

ಗಾಡಿಯಲ್ಲೇ ಸಂಸಾರ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಹಿಂದೆ ಕೂತವರ ಕೂಗು ನಿಮಗೆ ಕೇಳಿಸದೇ ಹೋಗಬಹುದು. ಒಳಗೊಂದು ಕನ್ನಡಿ ಹಾಕಿಸಿ. ಹೊರಡುವ ಮುಂಚೆ ಅದನ್ನು ಒರೆಸಿ, ಬಾಗಿಲ ಚಿಲಕ ಎಳೆದು ನೋಡಿ. ನಿಮ್ಮವರೆಲ್ಲ ಕಣ್ಣಿಗೆ ಬಿದ್ದ ಮೇಲೆಯೇ ಗಾಡಿ ಬಿಡಿ.