ಬೂದಿಗುಡ್ಡದ ಇಳಿಜಾರು

ನನ್ನ ಸೊಸೆ ಯಂಕಮ್ಮ ನೌಕರಿ ಬಿಡುತ್ತೇನೆ ಅಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಸಿಟ್ಟಿನಲ್ಲಿ ಬಡಿದ ರೊಟ್ಟಿ ಕೆಡುವುದಿಲ್ಲ, ಇನ್ನೂ ತೆಳ್ಳಗಾಗುತ್ತದೆ. ಅವತ್ತಿನ ರೊಟ್ಟಿಯ ಆಚೆಗೆ ಒಲೆ ಕಾಣುವಂತಿತ್ತು.

"ಯಾಕ ಬಿಡ್ತಿ?"

"ದಿನಾ ತಡಾ ಆಗಾಕತ್ತೈತಿ ಅತ್ತಿ. ಇನ್ನೊಮ್ಮಿ ತಡಾ ಮಾಡಿದ್ರ ಬ್ಯಾರೇದೋರ್ನ ಇಟ್ಕೋತೀವಿ ಅಂತ ದೊಡ್ಡ ಸಿಸ್ಟರು ಹೇಳ್ಯಾರ."

"ನೀ ಕೋಳಿ ಕೂಗೋಕಿಂತ ಮೊದಲ ಹೊಂಡ್ತಿ. ಹ್ಯಾಂಗ ತಡಾ ಆಕ್ಕೈತಿ?"

ಅವಳ ಸೀರೆಗೆ ಅಂಚಿನಿಂದ ಮೊಣಕಾಲಿನವರೆಗೂ ಉಸುಕು ಮೆತ್ತಿತ್ತು. ನನಗೆ ತಿಳಿಯಿತು.

ಯಂಕಮ್ಮ ಮಸ್ಕಿಯಲ್ಲಿ ಒಂದು ಆಸ್ಪತ್ರೆಯ ಆಯಾ. ನಮ್ಮ ಕೇರಿಯಲ್ಲಿ ಕುಡುಗೋಲು ಬಿಟ್ಟು ತಿಂಗಳ ಪಗಾರದ ಕೆಲಸಕ್ಕೆ ಹೋದ ಮೊದಲ ಹೆಣ್ಣು. ಸಿಂಧನೂರಿನ ರೈಸ್ ಮಿಲ್ಲಿನಲ್ಲಿರುವ ನನ್ನ ಮಗ ಬಸ್ಸಪ್ಪ ಅಲ್ಲಿಂದ ಒಂದು ಹಳೆಯ ಸೈಕಲ್ ತಂದು, ಬತ್ತಿದ ಕೆರೆಯಂಗಳದಲ್ಲಿ ಅವಳಿಗೆ ಕಲಿಸಿದ್ದ. ಹೆಂಗಸು ಕಚ್ಚೆ ಹಾಕಿ ಸೈಕಲ್ ಹೊಡೆಯುವುದನ್ನು ನೋಡಿ ಊರು ನಕ್ಕಿತ್ತು. ಎಂಬತ್ತೊಂಬತ್ತನೇ ಇಸವಿಯ ಮಾತಿದು. ಆಗ ನಗುವವರಿಗೆ ಬೇರೆ ಕೆಲಸವೂ ಇರಲಿಲ್ಲ.

ನಮ್ಮ ಹಳ್ಳಿಗೆ ಬಸ್ಸು ಬರುತ್ತಿದ್ದದ್ದು ಹೊತ್ತೇರಿದ ಮೇಲೆ. ಬೆಳಿಗ್ಗೆ ಮಸ್ಕಿ ಸೇರುವವರಿಗೆಲ್ಲ ಬೂದಿಗುಡ್ಡದ ದಾರಿಯೇ ಗತಿ. ಹಾಲಿನ ನರಸಣ್ಣ, ಬಳೆ ಮಾರುವ ಹುಸೇನ್‌ಸಾಬ್, ಶಾಲೆಯ ಮಾಸ್ತರರು, ಸುತ್ತಲಿನ ಹಳ್ಳಿಗಳ ಸೈಕಲ್ಲುಗಳೆಲ್ಲ ಅದರ ಮೇಲೆ. ಈ ಕಡೆಯಿಂದ ಗುಡ್ಡದ ಕುತ್ತಿಗೆಯವರೆಗೆ ನೂಕಿಕೊಂಡು ಏರಬೇಕು. ಅಲ್ಲಿ ಹತ್ತಿ ಕುಳಿತರೆ ಇಳಿಜಾರು: ಗರಸು ಕಲ್ಲು, ಬೋಳು ಬಂಡೆ, ಜಾಲಿಗಿಡದ ಹತ್ತಿರ ಒಂದು ತಿರುವು. ತಿರುವು ದಾಟಿದ ಮೇಲೆ ಬ್ರೇಕು ಮುಟ್ಟಬಾರದು. ಯಾಕೆಂದರೆ ಕೆಳಗೆ ಹಳ್ಳ, ಹಳ್ಳದ ತುಂಬ ಉಸುಕು. ಮೇಲಿನಿಂದ ಬಂದ ಓಟದಲ್ಲೇ ಆಚೆ ದಂಡೆ ಏರಬೇಕು. ನಿಂತಿರೋ, ಗಾಲಿ ಅರ್ಧ ಹೂತುಹೋಗುತ್ತದೆ.

ಸರಿಯಾಗಿ ಆ ಉಸುಕಿನ ಈಚೆಗೆ, ದಾರಿಗೆ ಒತ್ತಿ, ಶಿವಶರಣಪ್ಪ ಗೌಡನ ಬೇವಿನ ಮರ ಮತ್ತು ಕಲ್ಲುಕಟ್ಟೆ. ಗೌಡನ ಹಿರಿಯರು ಕೂಡುತ್ತಿದ್ದ ಜಾಗ. ಅದರ ಮುಂದೆ ಯಾರೂ ಗಾಡಿಯ ಮೇಲೆ ಕುಳಿತು ಹೋಗಬಾರದು ಅಂತ ಹಿಂದಿನಿಂದ ನಡೆದುಬಂದದ್ದು. ಈಗ ನರಸಣ್ಣ ಗಂಟೆ ಬಾರಿಸಿ ಜಾರಿಹೋಗುತ್ತಾನೆ. ಹುಸೇನ್‌ಸಾಬ್ ಸಲಾಮು ಎಸೆದು ಹೋಗುತ್ತಾನೆ. ಮಾಸ್ತರರು ಅದನ್ನೂ ಮಾಡುವುದಿಲ್ಲ. ನಮ್ಮ ಕೇರಿಯವರು ಬಂದರೆ ಮಾತ್ರ ಕಟ್ಟೆಯಿಂದ ಒಂದು ದನಿ: "ಇಳೀ!"

ಯಂಕಮ್ಮ ದಿನಾ ಇಳಿಯುತ್ತಿದ್ದಳು. ದಿನಾ ಉಸುಕಿನಲ್ಲಿ ಸೈಕಲ್ ಎಳೆಯುತ್ತಿದ್ದಳು. ದಿನಾ ತಡವಾಗುತ್ತಿತ್ತು.

"ನಾಳೆ ನಾನೂ ಬರ್ತೀನಿ," ಅಂದೆ. "ನೀ ಒಬ್ಬಾಕೀನ ಇದ್ರ ಅಡ್ಡ ನಿಂದರ್ತಾರ. ಹಿಂದ ಮುದುಕಿ ಕುಂತಿದ್ರ ಎದಿ ಕೊಟ್ಟು ನಿಂದ್ರಾಕ ಹೇಸ್ತಾರ. ಬಿದ್ದು ಸತ್ರ ಹೊರೋರು ಯಾರು?"

"ಬ್ಯಾಡ ಅತ್ತಿ, ಕೈಮುಗಿತೀನಿ."

"ಕೈ ಹ್ಯಾಂಡಲ್ ಮ್ಯಾಗ ಇರ್ಲಿ."

ಮರುದಿನ ಕ್ಯಾರಿಯರ್ ಮೇಲೆ ಕುಳಿತೆ. ತಿರುವಿನವರೆಗೂ ಕಣ್ಣು ಮುಚ್ಚಿದ್ದೆ. ತೆರೆದರೆ ಬೇವಿನ ಮರ ಎದುರಿಗೇ ಓಡಿ ಬರುತ್ತಿತ್ತು. "ಇಳೀ!" ಅಂದ ಗೌಡ. ಯಂಕಮ್ಮ ಬ್ರೇಕು ಮುಟ್ಟಲಿಲ್ಲ. ಇಳಿದದ್ದು ನನ್ನ ಕಾಲು. ನಾನು ಇಳಿಸಲಿಲ್ಲ, ಅವೇ ಇಳಿದವು. ಮದುವೆಯಾಗಿ ಬಂದಾಗಿನಿಂದ ಆ ಮರ ಕಂಡರೆ ದಾರಿ ಬಿಟ್ಟು ಕೆಳಗಿಳಿದ ಕಾಲು, ಮನಸ್ಸಿನ ಮಾತು ಕೇಳಲಿಲ್ಲ. ಹಿಮ್ಮಡಿ ನೆಲಕ್ಕೆ ಕಚ್ಚಿದ್ದೇ ತಡ, ಸೈಕಲ್ ಅಡ್ಡಾಯಿತು. ಇಬ್ಬರೂ ಕಟ್ಟೆಯ ಮುಂದೆಯೇ ಉಸುಕಿಗೆ ಬಿದ್ದೆವು.

ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. "ಸೊಸಿಗಿಂತ ಅತ್ತೀಗೆ ಬುದ್ಧಿ ಐತ್ರೀ ಗೌಡ್ರ, ಹೇಳಿದ ಕೂಡ್ಲೆ ಇಳದ್ಲು!" ಅಂದ ಒಬ್ಬ.

ಗೌಡನ ಮೇಲೆ ನನಗೆ ಸಿಟ್ಟು ಮೊದಲಿನಿಂದ ಇತ್ತು. ಅವತ್ತು ನನ್ನ ಕಾಲಿನ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದು. ಮೈಯಲ್ಲಿ ನನ್ನದೇ ಅನ್ನ ತಿಂದು ಅವನ ಚಾಕರಿ ಮಾಡುವ ಕಾಲು!

ಯಂಕಮ್ಮ ಆಸ್ಪತ್ರೆಗೆ ತಡವಾಗಿಯೇ ಹೋದಳು. ದೊಡ್ಡ ಸಿಸ್ಟರು ಅವಳ ತರಚಿದ ಮೊಣಕೈ ನೋಡಿ, ಟಿಂಚರು ಹಚ್ಚಿ, ಇದೇ ಕಡೇ ಸಲ ಅಂದರಂತೆ.

ಮರುದಿನ ಗುಡ್ಡದ ಕುತ್ತಿಗೆಯ ಮೇಲೆ ನಿಂತಾಗ ನಾನು ಹಳೆಯ ಸೀರೆಯ ಎರಡು ತುಂಡು ತೆಗೆದೆ. ಒಂದೊಂದು ಕಾಲನ್ನು ಕ್ಯಾರಿಯರಿನ ಕಡ್ಡಿಗೆ ಬಿಗಿದೆ.

"ಅತ್ತಿ, ಬಿದ್ರ ಕಾಲು ಮುರೀತಾವ!"

"ಮುರೀಲಿ. ಎರಡು ದಿನಾ ಮಾತು ಕೇಳ್ತಾವ. ನಡಿ."

ತಿರುವು ಬಂತು. ಮರ ಬಂತು. "ಇಳೀ!" ಕಾಲು ಎಳೆದಾಡಿದವು, ಗಂಟು ಬಿಡಲಿಲ್ಲ. ಕಟ್ಟೆ ಹಿಂದಾಯಿತು. ಉಸುಕು ಸರ್ರೆಂದು ಎರಡು ಕಡೆ ಸೀಳಿತು, ಹಿಂದಿನ ಗಾಲಿ ಒಮ್ಮೆ ಜಾರಿತು, ಯಂಕಮ್ಮ ಎದ್ದು ನಿಂತು ಪೆಡಲು ತುಳಿದಳು. ಆಚೆ ದಂಡೆ ಏರಿದೆವು.

ಹಿಂದಿನಿಂದ ಗೌಡ ಕೂಗುತ್ತಿದ್ದ: "ಇಳಿ ಅಂದ್ರ ಕೇಳಂಗಿಲ್ಲೇನಬೇ?"

ನಾನು ಕುಳಿತಲ್ಲಿಂದಲೇ ತಿರುಗಿ ಕೂಗಿದೆ: "ಇಳದೇ ಬಂದ್ವಲ್ಲರೀ! ಇಡೀ ಗುಡ್ಡ ಇಳದ್ವಿ, ಇನ್ನೆಷ್ಟು ಇಳೀಬೇಕು?"

ಯಂಕಮ್ಮ ನಗುತ್ತ ಸೈಕಲ್ ಹೊಯ್ದಾಡಿಸಿದಳು. ನೆಟ್ಟಗೆ ಹೊಡಿ ಅಂತ ಬೆನ್ನಿಗೆ ಗುದ್ದಿದೆ. ಅವತ್ತು ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು.

ಇಷ್ಟಕ್ಕೆ ಬಿಡುತ್ತಾರೆ ಅಂತ ನಾನು ನಂಬಿರಲಿಲ್ಲ. ಮರುದಿನ ತಿರುವು ದಾಟುತ್ತಲೇ ಯಂಕಮ್ಮ ಬ್ರೇಕು ಹಿಡಿದಳು. ಕಟ್ಟೆಯ ಎದುರು ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಒಟ್ಟಿತ್ತು. ಅದರ ನಡುವೆ ನರಸಣ್ಣನ ಸೈಕಲ್ಲು, ಬೋರಲಾದ ಕ್ಯಾನುಗಳು, ನೆಲದ ತುಂಬ ಹಾಲು. ನಮಗಿಂತ ಮೊದಲು ಬಂದವನು ಅವನು. ಮುಂಗೈಯಿಂದ ಮುಳ್ಳು ಕೀಳುತ್ತ ಕಟ್ಟೆಯ ಮುಂದೆ ಕುಣಿಯುತ್ತಿದ್ದ.

"ಯಾವ ಸೂಳೇಮಗ ಮುಳ್ಳು ಹಾಕ್ಯಾನ? ಹೊರಗ ಬಾ ಲೇ!"

"ಏ ನರಸ್ಯಾ, ನಾಲಿಗಿ ಬಿಗಿಹಿಡಿ," ಅಂದ ಶಿವಶರಣಪ್ಪ. "ನಿನಗ ಹಾಕಿದ್ದಲ್ಲ ಅದು."

"ಹೌದ್ರೀ? ಮುಳ್ಳಿಗೆ ಮಾರಿ ಗುರ್ತು ಹತ್ತೈತೇನು? ಚೆಲ್ಲಿದ್ದು ನಿಮ್ಮ ಎಮ್ಮಿ ಹಾಲರೀ ಗೌಡ್ರ! ಈಗರ ನಿಮ್ಮ ಮನ್ಯಾಗಿಂದ ತುಂಬ್ಕೊಂಡು ಬಂದೀನಿ!"

ನಮ್ಮ ಹಿಂದೆ ಹುಸೇನ್‌ಸಾಬ್ ಬಂದು ನಿಂತಿದ್ದ, ಬಳೆಯ ಪೆಟ್ಟಿಗೆಯನ್ನು ತಬ್ಬಿಕೊಂಡು. "ನಾ ಮೊದಲ ಬಂದಿದ್ರ ಏನ್ ಉಳೀತಿತ್ತು ಇದರಾಗ? ತೌಬಾ!" ಅಂದ. ಇನ್ನೂ ನಾಲ್ಕಾರು ಜನ ಸೇರಿದರು. ಎಲ್ಲರೂ ಸೇರಿ ಮುಳ್ಳನ್ನು ಹಳ್ಳಕ್ಕೆ ಎಳೆದು ಒಗೆದರು. ನಮಗೋಸ್ಕರ ಅಲ್ಲ. ಇಷ್ಟು ದಿನ ಯಂಕಮ್ಮ ಉಸುಕಿನಲ್ಲಿ ಎಳೆಯುವಾಗ ಪಕ್ಕದಲ್ಲೇ ಹಾದುಹೋದವರು ಇವರೇ. ಇವರ ಹಾಲು ಚೆಲ್ಲುವವರೆಗೆ ಯಾರಿಗೂ ಆ ಕಟ್ಟೆ ಕಂಡಿರಲಿಲ್ಲ. ಇರಲಿ, ದಾರಿ ಬಿಚ್ಚಿತಲ್ಲ.

ಜನ ಸೇರಿದ್ದು ನೋಡಿ ಗೌಡ ದನಿ ಬದಲಿಸಿದ. "ನನ್ನದೇನು ತಪ್ಪೈತ್ರಪ? ಇಳಿಜಾರು ಐತಿ, ಹುಷಾರ್‌ಲೆ ಇಳೀರಿ ಅಂತ ಹೇಳ್ತಿದ್ದೆ. ಹೆಣ್ಮಕ್ಕಳು, ಬಿದ್ದು ಗಿದ್ದಾರು ಅಂತ. ಇಳಿ ಅಂದದ್ದನ್ನ ತಪ್ಪು ತಿಳಕೊಂಡ್ರ ನಾ ಏನ್ ಮಾಡ್ಲಿ?"

ಇಬ್ಬರು ಮೂವರು ತಲೆದೂಗಿದರು. ಮಾತು ಅಲ್ಲಿಗೆ ಮುಗಿಸಿದರೆ ಎಲ್ಲರಿಗೂ ಹಗುರ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

"ಗೌಡ್ರ," ಅಂದೆ, "ಹರೇದಾಕಿ ಇದ್ದಾಗಿಂದ ಈ ದಾರಿ ನಡದೀನಿ. ತಲಿಮ್ಯಾಗ ಹುಲ್ಲಿನ ಹೊರಿ ಹೊತ್ತು ನಡದೀನಿ. ಆವಾಗೂ ನಿಮ್ಮಪ್ಪ ಇಳಿ ಅಂತಿದ್ದ, ನೀವೂ ಅಂತಿದ್ರಿ. ನನ್ನ ಕೆಳಗ ಆವಾಗ ಸೈಕಲ್ ಇತ್ತೇನ್ರಿ? ಕಾಲಿನಿಂದ ಎಲ್ಲಿಗೆ ಇಳೀಬೇಕಿತ್ತು ನಾ?"

ಯಾರೂ ತಲೆದೂಗಲಿಲ್ಲ. ಗೌಡ ಬೇವಿನ ಮರ ನೋಡಿದ, ಅದರಲ್ಲಿ ಉತ್ತರ ನೇತುಹಾಕಿದ್ದರೋ ಎಂಬಂತೆ.

ಯಂಕಮ್ಮ ನನ್ನ ಸೆರಗು ಎಳೆದಳು. "ಅತ್ತಿ, ಹೊತ್ತಾತು. ಬಾ, ಇಬ್ಬರೂ ಎಳಕೊಂಡು ಹೋಗೂಣು."

"ಉಸುಕಿನಾಗ ಎಳಿಯೋದ್ರಾಗ ಇನ್ನೂ ಹೊತ್ತಾಕ್ಕೈತಿ. ತಿರುವಿನ ತನಕ ಹಿಂದ ನೂಕು. ಅಲ್ಲಿಂದ ಬಿಡೂಣು."

ಎಲ್ಲರ ನಡುವಿನಿಂದಲೇ ಸೈಕಲ್ಲನ್ನು ಮೇಲಕ್ಕೆ ನೂಕಿದೆವು. ಜಾಲಿಗಿಡದ ಹತ್ತಿರ ಅವಳು ಸೀಟಿನ ಮೇಲೆ ಕುಳಿತು ಒಂದು ಕಾಲು ಊರಿ ಹಿಡಿದಳು. ನಾನು ಕಾಲಿನಿಂದ ಬಿಚ್ಚಿದ್ದ ಸೀರೆಯ ತುಂಡುಗಳನ್ನು ಕೈಗೆ ತೆಗೆದುಕೊಂಡೆ, ಒಂದು ಗಳಿಗೆ ನೋಡಿದೆ, ಜಾಲಿಗಿಡಕ್ಕೆ ಸಿಕ್ಕಿಸಿದೆ. ಕೆಳಗೆ ಕಟ್ಟೆ ಹಾಗೇ ಇತ್ತು, ಅದರ ಮೇಲೆ ಅವನೂ.

"ಹತ್ತು ಅತ್ತಿ," ಅಂದಳು ಯಂಕಮ್ಮ.

ಹತ್ತಿದೆ. ಕಾಲು ಮೇಲಕ್ಕೆಳೆದು ಗಟ್ಟಿಯಾಗಿ ಹಿಡಿದುಕೊಂಡೆ.