ಒಡೆದ ಕ್ರೀಮು

ಬೆಳಿಗ್ಗೆ ಅಣ್ಣನ ಕ್ರೀಮು ಕಾರ್ಖಾನೆಗೆ ಬಂದವಳೇ ತಂಗಿ ಮಾಡುತ್ತಿದ್ದ ಮೊದಲ ಕೆಲಸ, ಬೆಚ್ಚಗಿಟ್ಟ ಕಪಾಟು ತೆರೆದು ಮಾದರಿ ಡಬ್ಬಿಗಳನ್ನು ನೋಡುವುದು. ಹೊರಗೆ ಹೋದಮೇಲೆ ಪಡುವ ಪಾಡನ್ನೆಲ್ಲ ಕ್ರೀಮು ಅಲ್ಲಿ ಮೊದಲೇ ಪಡಬೇಕು: ಸೆಕೆಯಲ್ಲಿ ಬೇಯಬೇಕು, ದಿನವೂ ಬೆರಳು ಹಾಕಿಸಿಕೊಳ್ಳಬೇಕು. ಆ ದಿನ ಮುಚ್ಚಳ ತಿರುಗಿಸಿದ ಕೈ ಅಲ್ಲೇ ನಿಂತಿತು. ಕ್ರೀಮು ಬೆಣ್ಣೆಯಂತೆ ನುಣ್ಣಗಿತ್ತು, ಆದರೆ ಅಂಚಿನಲ್ಲಿ ಹಸಿರು ಬೂಷ್ಟು. ಇನ್ನೊಂದು ತೆರೆದಳು. ಅದರಲ್ಲೂ ಅದೇ.

ಹಿಂದಿನ ಸಲದ ಮಾಲು ಗಿರಾಕಿಯ ಹತ್ತಿರ ಒಡೆದು, ಎಣ್ಣೆ ಬೇರೆ ನೀರು ಬೇರೆಯಾಗಿ ವಾಪಸು ಬಂದಿತ್ತು. ಕಾರ್ಖಾನೆಯ ಯಜಮಾನನಾದ ಅಣ್ಣ ಕೂಗಾಡಿ ರಂಪ ಮಾಡಿದ್ದ. ಅದಕ್ಕೇ ಈ ಸಲ ಅವಳು ಎಮಲ್ಸಿಫೈಯರನ್ನು ಧಾರಾಳವಾಗಿ ಸುರಿದಿದ್ದಳು. ಎಣ್ಣೆಯನ್ನೂ ನೀರನ್ನೂ ಕೂಡಿಸುವ, ಮೇಣದಂಥ ಬಿಳಿ ವಸ್ತು ಅದು. ನಾನ್‌ಅಯಾನಿಕ್, ಅಂದರೆ ವಿದ್ಯುದಂಶವಿಲ್ಲದ ಜಾತಿಯದು, ಚರ್ಮಕ್ಕೆ ಉರಿಯಿಲ್ಲ, ಬಲು ಸಾಧು. ಆದರೆ ಹೆಚ್ಚಾದರೆ, ಕ್ರೀಮು ಕೆಡದಂತೆ ಕಾಯುವ ಔಷಧಿಯನ್ನೂ ತನ್ನ ಮಡಿಲಿಗೆ ಎಳೆದುಕೊಂಡು ಕೂರುತ್ತದೆ; ಆಮೇಲೆ ಬೂಷ್ಟಿಗೆ ತಡೆಯಿಲ್ಲ. ಇದು ಅವಳಿಗೆ ಗೊತ್ತಿತ್ತು. ಒಡೆಯಬಾರದೆಂಬ ಭಯದಲ್ಲಿ ಗೊತ್ತಿದ್ದದ್ದೂ ಮರೆತಿತ್ತು.

“ಔಷಧಿ ಇನ್ನಷ್ಟು ಹಾಕು,” ಎಂದ ಅಣ್ಣ.

“ಹಾಕಬೇಕಾದಷ್ಟು ಹಾಕಿ ಆಗಿದೆ, ಅಣ್ಣ. ಇನ್ನೂ ಹಾಕಿದ್ರೆ ಚರ್ಮಕ್ಕೇ ಕುತ್ತು.”

“ಹಾಗಾದ್ರೆ ಕಾಯಿಸು. ಬೂಷ್ಟು ಸಾಯತ್ತೆ.”

“ಇವತ್ತು ಸಾಯತ್ತೆ. ನಾಳೆ ಯಾರಾದ್ರೂ ಬೆರಳು ಹಾಕಿದ್ರೆ ಮತ್ತೆ ಹುಟ್ಟತ್ತೆ.”

ಅಣ್ಣ ಸ್ಟೂಲಿನ ಮೇಲೆ ಕುಸಿದ. “ಈ ಮಾಲು ಹೋಗ್ಲಿಲ್ಲ ಅಂದ್ರೆ ಬಾಗಿಲು ಹಾಕ್ಬೇಕು ಕಣೇ. ಅಪ್ಪ ಕಟ್ಟಿದ್ದು ಇದು. ಹೊರಗೆ ಕೂತಿರೋ ಕೆಲಸದೋರಿಗೆ ಯಾವ ಮುಖ ತೋರಿಸ್ಲಿ? ನಾನೇನು ವಿಷ ಮಾರ್ತಿದೀನಾ?”

ಒಳಗಿನ ಮಾತು ಕೇಳಿ ಮುಚ್ಚಳದಕ್ಕ ಬಾಗಿಲಿಗೆ ಬಂದಳು. ಡಬ್ಬಿಗೆ ಮುಚ್ಚಳ ಹಾಕುತ್ತಲೇ ತಲೆ ನರೆತವಳಾದ್ದರಿಂದ ಆ ಹೆಸರು.

“ಕಳಿಸಿಬಿಡಮ್ಮ,” ಎಂದಳು. “ಮಗಳಿಗೆ ಈಗಷ್ಟೇ ಹೆರಿಗೆ ಆಗಿದೆ, ಅಳಿಯ ಕೆಲಸ ಇಲ್ದೆ ಕೂತಿದಾನೆ. ನೀನು ಇಷ್ಟು ನಾಜೂಕು ಮಾಡಿದ್ರೆ ನಾವೆಲ್ಲ ಗಾಳಿ ತಿಂದು ಬದುಕೋದಾ?”

ಯಾರ ಮಾತೂ ಸುಳ್ಳಲ್ಲ. ಅಣ್ಣ ಲಾರಿಗೆ ಹೇಳಲು ಹೊರಗೆ ಹೋದ. ತಂಗಿ ಮಾಲೆಲ್ಲ ಇದ್ದ ದೊಡ್ಡ ಪಾತ್ರೆಯ ಹತ್ತಿರ ಹೋಗಿ ಹಬೆಯ ತಿರುಪನ್ನು ಪೂರ್ತಿ ತೆರೆದಳು. ಈ ಜಾತಿಯ ಎಮಲ್ಸಿಫೈಯರಿಗೆ ಅತಿ ಬಿಸಿ ಆಗಿಬರದು. ನೀರಿನ ಕೈಬಿಟ್ಟು ಎಣ್ಣೆಯ ಪಕ್ಷ ಸೇರುತ್ತದೆ. ಕಲಕುವುದನ್ನೂ ನಿಲ್ಲಿಸಿದಳು; ಒಡೆದ ಮಾಲು ಲಾರಿ ಹತ್ತಲಾರದು. ಜೀವಮಾನವೆಲ್ಲ ಕೂಡಿಸುವುದನ್ನೇ ಕಲಿತವಳು, ಕ್ರೀಮು ಒಡೆಯುವುದನ್ನು ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಅಣ್ಣ ಮರಳಿ ಬಂದಾಗ ಹಳದಿ ಎಣ್ಣೆ ಮೇಲೆ ತೇಲುತ್ತಿತ್ತು.

“ಏನೇ ಇದು! ಹೊಟ್ಟೆ ಮೇಲೆ ಹೊಡೆದ್ಯಲ್ಲೇ! ಮತ್ತೆ ಕೂಡತ್ತಾ?”

“ತಣ್ಣಗೆ ಮಾಡ್ತಾ ಕಲಕಿದ್ರೆ ಕೂಡತ್ತೆ. ನಾನು ಕಲಕಲ್ಲ.”

“ನಾನೇ ಕಲಕ್ತೀನಿ.” ಅವನ ಕೈ ಸ್ವಿಚ್ಚಿಗೆ ಹೋಯಿತು.

“ಇದು ಎಲ್ಲಿಗೆ ಹೋಗೋದು?” ಎಂದು ಮುಚ್ಚಳದಕ್ಕ ಕೇಳಿದಳು. ಡಬ್ಬಿಗೆ ಚೀಟಿಯನ್ನು ಗಿರಾಕಿಗಳೇ ಅಂಟಿಸಿಕೊಳ್ಳುತ್ತಿದ್ದರು; ಹಾಗಾಗಿ ಅವಳಿಗೆ ಗೊತ್ತಿರಲಿಲ್ಲ.

“ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋ ಮನೆಗೆ,” ಎಂದಳು ತಂಗಿ. “ಬೆನ್ನು ಹುಣ್ಣಾಗಿರತ್ತಲ್ಲ, ಅದರ ಸುತ್ತ ಹಚ್ಚೋಕೆ.”

ಮುಚ್ಚಳದಕ್ಕ ಅಣ್ಣನ ಕಡೆ ತಿರುಗಿದಳು.

“ಸಾರ್, ನಮ್ಮತ್ತೆ ಬೆನ್ನು ನಾನೇ ತೊಳೀತಿದ್ದೆ, ಅವರು ಸಾಯೋವರೆಗೂ. ಅಲ್ಲಿ ಚರ್ಮ ಅಂತ ಉಳಿದಿರಲ್ಲ. ಬಟ್ಟೆ ತಾಗಿದ್ರೂ ಚೀರೋರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಮಗಳ ಮನೆ ಹೇಗೋ ಆಗತ್ತೆ. ಇದಕ್ಕೆ ಮಾತ್ರ ನಾನು ಮುಚ್ಚಳ ಹಾಕಲ್ಲ.”

ಅಣ್ಣನಿಗೆ ಸ್ವಿಚ್ಚಿನ ಮೇಲಿಟ್ಟ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಮನೆಗೆ ಫೋನು ಮಾಡಿದ.

“ಮಾಲು ಬರಲ್ಲ, ಮೇಡಂ. ಕೆಟ್ಟಿದೆ. ನಮ್ಮದೇ ತಪ್ಪು. ಮೊನ್ನೆ ನೋಡೋಕೆ ಅಂತ ಇದೇ ಮಾಲಿಂದ ಒಂದು ಪೆಟ್ಟಿಗೆ ಕಳಿಸಿದ್ನಲ್ಲ, ಅದನ್ನ ಯಾರಿಗೂ ಹಚ್ಚಬೇಡಿ.”

ಆ ಪೆಟ್ಟಿಗೆಯ ವಿಷಯ ತಂಗಿಗೆ ಗೊತ್ತೇ ಇರಲಿಲ್ಲ. ಆ ಕಡೆಯವರು ಏನೋ ಹೇಳಿದರು. ಅಣ್ಣ ಗೋಡೆಗೆ ಒರಗಿದ.

“ಯಾರ್ಯಾರಿಗೆ ಹಚ್ಚಿದೀರಿ?” ಎಂದ. “ಡಾಕ್ಟರನ್ನ ಕರ್ಕೊಂಡು ನಾನೇ ಬರ್ತೀನಿ. ಈಗಲೇ ಬರ್ತೀನಿ.”